ಮನೆಯ ಹಿಂದಿನ ನಲವತ್ತು ಅಡಿ

ಬಡಗಿಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು, ತಿರಸ್ಕಾರ ಅದಕ್ಕಿಂತಲೂ ಹತ್ತಿರ. ದಂಡೆಯ ಓಣಿಯಲ್ಲಿ ದೋಣಿ ರಿಪೇರಿ ಮಾಡುವವಳು ಅವಳೊಬ್ಬಳೇ. ಹಲಗೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಗಟ್ಟಿಯೋ ಟೊಳ್ಳೋ ಹೇಳಿಬಿಡುವ ವಿದ್ಯೆ ಅಪ್ಪನಿಂದ ಬಂದದ್ದು. ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡಿ, ಹೆಚ್ಚುಕಡಿಮೆ ಎಲ್ಲರೂ ಟೊಳ್ಳು ಎಂದು ತೀರ್ಮಾನಿಸಿದ್ದಳು. ಮದುವೆಯಾದ ಮೂರನೇ ವರ್ಷ ಗಂಡನ ಮುಖಕ್ಕೇ ಹಾಗೆಂದಳು. ಅವನು ಹಡಗು ಹತ್ತಿ ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಅವಳೂ ಕ್ಯಾರೆ ಅನ್ನಲಿಲ್ಲ.

ಓಣಿಯ ಹದಿನಾಲ್ಕು ಮನೆಗಳಲ್ಲಿ ಸರಾಗವಾಗಿ ಓದಬಲ್ಲವಳೂ ಅವಳೇ. ನೋಟೀಸು, ಆಸ್ಪತ್ರೆ ಚೀಟಿ, ಶಾಲೆಯ ಕಾಗದ, ಏನು ಬಂದರೂ ಅವಳ ಬಾಗಿಲಿಗೇ ಬರಬೇಕು. ತಂದವರಿಗೆ ಮೊದಲು ಮಂಗಳಾರತಿ. "ಎರಡು ಕಣ್ಣು ಇಟ್ಕೊಂಡು ಏನು ಮಾಡ್ತೀರಿ, ನೊಣ ಎಣಿಸ್ತೀರಾ?" ಅಷ್ಟು ಬೈಸಿಕೊಂಡ ಮೇಲೆ ಅರ್ಥ ಸಿಗುತ್ತಿತ್ತು. ಜನ ಎರಡನ್ನೂ ತೆಗೆದುಕೊಂಡು ಹೋಗುತ್ತಿದ್ದರು. ಬೈಗುಳವಿಲ್ಲದೆ ಓದಿಸಿಕೊಂಡ ಕಾಗದದ ಮೇಲೆ ಅವರಿಗೂ ನಂಬಿಕೆ ಇರಲಿಲ್ಲ.

ಹೀಗಿರುವಾಗ ನಗರ ಯೋಜನೆಯವರು ಬಂದರು. ಮುಂದಾಳಾಗಿ ಬಂದ ಅಧಿಕಾರಿಯ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಬಡಗಿಯಕ್ಕ ಅಲ್ಲೇ ಅವನಿಗೆ ಇಸ್ತ್ರಿಸಾಹೇಬ ಎಂದು ಹೆಸರಿಟ್ಟಳು. ದಂಡೆಯನ್ನು ಸುಂದರ ಮಾಡುತ್ತಾರಂತೆ. ಮೇಜಿನಗಲದ ಬಣ್ಣದ ಚಿತ್ರ ಬಿಚ್ಚಿ ತೋರಿಸಿದ. ಅದರಲ್ಲಿ ಕಲ್ಲುಹಾಸು, ಬೆಂಚು, ದೀಪದ ಕಂಬ, ನೂರಾರು ಜನ. ಒಬ್ಬನ ಕೈಯಲ್ಲೂ ಕೆಲಸವಿರಲಿಲ್ಲ. ದೋಣಿ ಎಲ್ಲಿ ಎಂದು ಬಡಗಿಯಕ್ಕ ಕೇಳಿದ್ದಕ್ಕೆ, "ಅದು ಆಮೇಲೆ ಸೇರಿಸ್ತೀವಿ" ಎಂದ. ಇಂಥವರ ಕೈಗೆ ಊರು ಕೊಟ್ಟು ಕೂತಿದ್ದೇವೆ.

ಆಮೇಲೆ ಒಪ್ಪಿಗೆ ಪತ್ರ ಹಂಚಿದರು. ಮನೆಯ ಹಿಂದಿನ ನಲವತ್ತು ಅಡಿ ಜಾಗವನ್ನು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟುಕೊಡುತ್ತೇವೆ, ಎಂದು ಬರೆದಿತ್ತು. ಓಣಿಯ ಮನೆಗಳಿಗೆಲ್ಲ ಬಾಗಿಲು ನೀರಿನ ಕಡೆಗೆ. ಬಾಗಿಲ ಎದುರಿನಿಂದ ನೀರಿನವರೆಗೆ ದೋಣಿ ಎಳೆಯುವ ಇಳಿಜಾರು. ರಸ್ತೆ ಬೆನ್ನ ಕಡೆ. ಅಲ್ಲಿರುವುದು ಚರಂಡಿ ಮತ್ತು ಹರಿದ ಬಲೆಗಳ ರಾಶಿ. ಓಣಿಯಲ್ಲಿ ಯಾರಾದರೂ ಮುಂದೆ ಹೋಗಿದ್ದಾನೆ ಎಂದರೆ ನೀರಿಗಿಳಿದಿದ್ದಾನೆ ಎಂದರ್ಥ, ಹಿಂದೆ ಹೋಗಿದ್ದಾನೆ ಎಂದರೆ ಪೇಟೆಗೆ. ಅಜ್ಜನ ಕಾಲದಿಂದ ಹಾಗೇ.

ಬಡಗಿಯಕ್ಕ ಗಟ್ಟಿಯಾಗಿ ಓದಿ ಮುಗಿಸಿದಳು. ಓಣಿಯಲ್ಲೇ ಬೇರೆ ಮನೆಯಲ್ಲಿದ್ದು ಬಲೆ ಹೆಣೆಯುವ ಅವಳ ತಂಗಿ, ಮಾತಿಗೆ ಮೊದಲು ಹತ್ತು ಸಲ ಗಂಟಲು ಸರಿಮಾಡಿಕೊಳ್ಳುವವಳು, ಮೆಲ್ಲನೆ ಕೇಳಿದಳು. "ಅಕ್ಕ, ಹಿಂದೆ ಅಂದ್ರೆ ಯಾವ ಕಡೆ ಅಂತ ಸಾಹೇಬ್ರನ್ನ ಒಂದ್ಸಲ ಕೇಳೋಣ್ವಾ?"

"ಹಿಂದೆ ಅಂದ್ರೆ ಹಿಂದೆ! ನಿನ್ನ ಬೆನ್ನು ಎಲ್ಲಿದೆ ಅಂತಾನೂ ಸಾಹೇಬ್ರನ್ನೇ ಕೇಳ್ತೀಯಾ?"

ಎಲ್ಲರೂ ನಕ್ಕರು. ಇಸ್ತ್ರಿಸಾಹೇಬನೂ ನಕ್ಕ. ಚರಂಡಿ ಹೋದರೆ ಪೀಡೆ ತೊಲಗಿತು ಎಂದುಕೊಂಡು ಹದಿನಾಲ್ಕು ಮನೆಯವರೂ ಸಹಿ ಹಾಕಿದರು. ತಂಗಿ ಕೊನೆಯಲ್ಲಿ ಹಾಕಿದಳು.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಗೂಟ ಹೊಡೆಯುವ ಸದ್ದು ಕೇಳಿಸಿತು. ಬಡಗಿಯಕ್ಕ ಉಳಿ ಹಿಡಿದುಕೊಂಡೇ ಓಡಿದಳು. "ಏ, ಇದು ಮುಂದೆ ಕಣಯ್ಯಾ! ಹಿಂದೆ ಆ ಕಡೆ!" ಅಳತೆಯವನು ನಕ್ಷೆ ಬಿಡಿಸಿದ. ರಸ್ತೆ ಇರುವ ಕಡೆಯೇ ಮನೆಯ ಮುಂದೆ, ನೀರಿನ ಕಡೆ ಹಿಂದೆ. ಕಚೇರಿಯ ಲೆಕ್ಕದಲ್ಲಿ ಊರಿಗೆಲ್ಲ ಅದೇ ನಿಯಮ. ಇಳಿಜಾರು ಹೋದರೆ ದೋಣಿ ಮೇಲೆ ಬರುವುದಿಲ್ಲ. ದೋಣಿ ಬಾರದಿದ್ದರೆ ಅವಳ ಕೆಲಸವೂ ಇಲ್ಲ, ಓಣಿಯ ಕಸುಬೂ ಇಲ್ಲ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಕೇಳಿದ್ದೆನಲ್ಲ ಎಂದು ಅವಳು ಒಂದು ಮಾತು ಆಡಿಬಿಟ್ಟಿದ್ದರೆ ಬಡಗಿಯಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು.

ಹದಿನಾಲ್ಕು ಮನೆಯವರೂ ಕಚೇರಿಗೆ ಹೋದರು.

"ನೀರಿಗೆ ಮುಖ ಮಾಡಿ ಯಾರಾದ್ರೂ ಮನೆ ಕಟ್ತಾರೇನಮ್ಮಾ?" ಎಂದ ಇಸ್ತ್ರಿಸಾಹೇಬ.

"ನಿಮ್ಮ ಚಿತ್ರದಲ್ಲಿ ಅಷ್ಟೂ ಜನ ನೀರಿನ ಕಡೆಗೇ ಮುಖ ಮಾಡಿ ಕೂತಿದ್ರಲ್ಲ, ಅವರ ಬೆನ್ನಿಗೆ ಮುಖ ಇತ್ತಾ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಕೊನೆಗೆ, ಒಂದೇ ದಾರಿ ಇದೆ ಎಂದ. ಪತ್ರವನ್ನು ಓದಿ ಹೇಳಿದವಳು ತನಗೆ ಅದು ಅರ್ಥವಾಗಿರಲಿಲ್ಲ ಎಂದು ಬರೆದುಕೊಡಬೇಕು. ಸಹಿ ಹಾಕಿದವರೆಲ್ಲರ ಎದುರು ಅದನ್ನು ತಾನೇ ಓದಬೇಕು. ಆಗ ಒಪ್ಪಿಗೆ ರದ್ದಾಗುತ್ತದೆ.

"ನೀವೂ ತಾನೇ ತಪ್ಪು ತಿಳ್ಕೊಂಡಿದ್ದು?"

"ಕಚೇರಿ ತಪ್ಪು ಮಾಡಿದ್ರೆ ಬರೆಯೋಕೆ ಫಾರಂ ಇಲ್ಲಮ್ಮಾ."

ಬಡಗಿಯಕ್ಕನಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಎದ್ದು ಹೋಗಿಬಿಡಬಹುದಿತ್ತು, ಹಿಂದಿನ ಬಡಗಿಯಕ್ಕನಾಗಿದ್ದರೆ ಹೋಗಿಯೂ ಬಿಡುತ್ತಿದ್ದಳು. ಬೆಂಚಿನ ಮೇಲೆ ಸಾಲಾಗಿ ಕೂತವರನ್ನು ನೋಡಿದಳು. ಅವಳು ಟೊಳ್ಳು ಎಂದುಕೊಂಡಿದ್ದ ಹದಿಮೂರು ಮನೆಯವರು ಅವಳ ಬಾಯನ್ನೇ ನೋಡುತ್ತಿದ್ದರು, ಒಬ್ಬರೂ ಬೈದಿರಲಿಲ್ಲ. ಕಾಗದ ಎಳೆದುಕೊಂಡು ಬರೆದಳು. ಎದ್ದು ನಿಂತು ಓದಿದಳು: "ನಾನು ಓದಿದ್ದು ನನಗೇ ತಿಳಿದಿರಲಿಲ್ಲ. ಇವರೆಲ್ಲ ನನ್ನನ್ನು ನಂಬಿ ಸಹಿ ಹಾಕಿದರು." ಎರಡನೆಯ ವಾಕ್ಯವನ್ನು ಕಾಗದಕ್ಕಷ್ಟೇ ಕೇಳುವಂತೆ ಓದಿದಳು. ಇಸ್ತ್ರಿಸಾಹೇಬ, "ಸ್ವಲ್ಪ ಜೋರಾಗಿ" ಎಂದ. ಮತ್ತೊಮ್ಮೆ ಓದಿದಳು.

ಇಳಿಜಾರು ಉಳಿಯಿತು. ಕಲ್ಲುಹಾಸಿನ ದಾರಿ ಚರಂಡಿಯ ಕಡೆಯಿಂದ ಸುತ್ತಿಕೊಂಡು ಹೋಯಿತು. ಗೂಟ ಕಿತ್ತ ಮರುದಿನವೇ ಒಂದು ದೋಣಿಯನ್ನು ಮೇಲೆಳೆದು ಬಡಗಿಯಕ್ಕ ಕೆಲಸಕ್ಕೆ ಕೂತಳು.

ವಾರದ ನಂತರ ನೀರಿನ ನಲ್ಲಿಯ ನೋಟೀಸು ಬಂತು. ಪಕ್ಕದ ಮನೆಯ ಮುದುಕ ಅದನ್ನು ಕೈಯಲ್ಲಿ ಹಿಡಿದು ಅವಳೆದುರಿಗೇ ಬಂದ, ತುಸು ತಲೆ ತಗ್ಗಿಸಿದ, ಅವಳನ್ನು ದಾಟಿಕೊಂಡು ತಂಗಿಯ ಬಾಗಿಲಿಗೆ ಹೋದ. ತಂಗಿ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು, ಎಡವಿದಳು, ಮತ್ತೆ ಓದಿದಳು. ಪ್ರತಿ ಸಾಲಿಗೂ ನಿಂತು, "ಹಾಗಂದ್ರೆ ಏನಿರಬಹುದು ಮಾವ?" ಎಂದು ಕೇಳಿದಳು. ಇಬ್ಬರೂ ತಲೆ ಕೆರೆದುಕೊಂಡು ಯೋಚಿಸಿದರು. ಅರ್ಧ ಗಳಿಗೆಯಲ್ಲಿ ಮುಗಿಯುವ ಕಾಗದ ಮಧ್ಯಾಹ್ನದವರೆಗೆ ನಡೆಯಿತು. ಪ್ರತಿ ತಪ್ಪೂ ಬಡಗಿಯಕ್ಕನ ಕಿವಿಗೆ ಬೀಳುತ್ತಿತ್ತು, ಪ್ರತಿ ಸರಿಯೂ ಅವಳ ನಾಲಿಗೆಯ ಮೇಲಿತ್ತು. ಅವಳು ಹಲಗೆಗೆ ಕೀಸುಳಿ ಹಾಕುತ್ತಲೇ ಇದ್ದಳು.