ರುಮಾಲು ಸುತ್ತುವ ವಿರುಪಣ್ಣ

ಗಂಗಾವತಿ ಸೀಮೆಯಲ್ಲಿ ಯಾವ ರಾಜಕಾರಣಿಗೆ ಸನ್ಮಾನವಾದರೂ ತಲೆಗೆ ರುಮಾಲು ಸುತ್ತುವವನು ಸಿದ್ದಾಪುರದ ವಿರುಪಣ್ಣನೇ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಯಾರಾದರೂ ಅಂಗಡಿಯ ಸಿದ್ಧ ಪೇಟ ತಂದರೆ, "ಇದೇನ್ ಬುಟ್ಟಿ ತಂದೀಯಲೇ? ರುಮಾಲು ಇಡೋದಲ್ಲ, ಸುತ್ತೋದು!" ಎಂದು ಎತ್ತಿ ಒಗೆಯುತ್ತಾನೆ. ಮಾಜಿ ಮಂತ್ರಿ ಗೌಡರು ಗೆದ್ದಾಗಲೂ ಸೋತಾಗಲೂ ಸುತ್ತಿದವನು ಅವನೇ. ಈಗ ಶಾಸಕನಾದ ಅವರ ಮಗನಿಗೂ ಅವನೇ. ಇಬ್ಬರ ತಲೆಯ ಅಳತೆಯೂ ಅವನ ಬೆರಳುಗಳಿಗೆ ಬಾಯಿಪಾಠ. ಮೊನ್ನೆ ಅಪ್ಪ-ಮಗನಿಗೆ ಒಂದೇ ವೇದಿಕೆಯಲ್ಲಿ ಸನ್ಮಾನವಿತ್ತು. ಅಪ್ಪನಿಗೆ ಸುತ್ತಿ ಮುಗಿಸಿ ಮಗನ ತಲೆಗೆ ಕೈಹಚ್ಚಿದಾಗ ಶಾಸಕ ನಗುತ್ತ ಕೇಳಿದ: "ಭಾಳ ಛಲೋ ಸುತ್ತತೀರಿ. ನಿಮ್ಮ ಹೆಸರೇನ್ರಿ?" ವಿರುಪಣ್ಣ ಅವನ ತಲೆಯನ್ನು ಹಿಡಿದು ನೆಟ್ಟಗೆ ಮಾಡಿದ. "ಸುಮ್ನ ಕುಂದರ್ರಿ ಸಾಹೇಬ್ರ. ನಿಮ್ಮಪ್ಪಾರು ಮೂವತ್ತು ವರ್ಷದಿಂದ ಇದನ್ನ ಕೇಳಾಕತ್ತಾರ," ಎಂದವನೇ ಕೊನೆಯ ಸುತ್ತನ್ನು ಜಗ್ಗಿ ಬಿಗಿದ.