ಮೊಳೆಯಕ್ಕನ ದೆವ್ವಗಳು

ಯುದ್ಧ ನಡೆಯುತ್ತಿದ್ದಾಗ ನಮ್ಮೂರಿನವರನ್ನು ಬಾಂಬಿಗಿಂತ ಹೆಚ್ಚು ಹೆದರಿಸಿದ್ದು ಒಂದು ಸಂಜೆ ಪತ್ರಿಕೆಯ ಮೂರನೇ ಪುಟ. ಆ ಪುಟದ ದೆವ್ವಗಳನ್ನೆಲ್ಲ ಹುಟ್ಟಿಸಿದ್ದು ನಮ್ಮ ತಾತನ ತಂಗಿ! ತಾತನಲ್ಲ, ತಾತನ ತಂಗಿ. ಎರಡು ಸಲ ಹೇಳಲೇಬೇಕು, ಯಾಕೆಂದರೆ ಆ ಕಥೆಗಳ ಪುಸ್ತಕದ ಮೇಲಿರುವುದು ತಾತನ ಹೆಸರು, ನಾನು ಚಿಕ್ಕಂದಿನಿಂದ ಜಂಬ ಕೊಚ್ಚಿಕೊಂಡದ್ದೂ ತಾತನ ಹೆಸರಿನಲ್ಲೇ. ಮೊನ್ನೆ ಆ ತಂಗಿಯ, ಅಂದರೆ ನಮ್ಮ ಚಿಕ್ಕಜ್ಜಿಯ ಮನೆಗೆ ಹೋಗಿ "ತಾತ ಇಷ್ಟೆಲ್ಲ ಕಥೆ ಹೇಗೆ ಬರೆದ್ರು ಅಜ್ಜಿ?" ಎಂದು ಕೇಳಿದೆ. ಅವರು ಬಟಾಣಿ ಬಿಡಿಸುತ್ತಾ ತಲೆ ಎತ್ತದೆ ಅಂದರು: "ಬರೆದ್ನಾ? ಪಾಪ, ಅವನಿಗೆ ಕತ್ತಲೆ ಅಂದ್ರೆ ಭಯ ಕಣೆ."

ಅವರು ಹೇಳಿ ಮುಗಿಸುವಷ್ಟರಲ್ಲಿ ಬಟಾಣಿಯೂ ಮುಗಿಯಿತು, ನಾನು ಜಂಬಪಡುತ್ತಿದ್ದ ತಾತನೂ ಮುಗಿದ.

ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಚಿಕ್ಕಜ್ಜಿ ಆ ಪತ್ರಿಕೆಯ ಪ್ರೆಸ್ಸಿಗೆ ಸೇರಿದರು. ಸೀಸದ ಅಕ್ಷರಗಳಿಗೆ ಅಲ್ಲಿ ಮೊಳೆ ಅನ್ನುತ್ತಾರೆ. ಅವನ್ನು ಗೂಡುಗೂಡಿನಿಂದ ಆರಿಸಿ ಸಾಲು ಕಟ್ಟುವುದು ಇವರ ಕೆಲಸ. ಎಷ್ಟು ಚುರುಕೆಂದರೆ ಹೆಸರೇ ಹೋಗಿ ಎಲ್ಲರಿಗೂ ಮೊಳೆಯಕ್ಕ ಆಗಿಬಿಟ್ಟರು. ಅಣ್ಣ, ಅಂದರೆ ನಮ್ಮ ತಾತ, ಅದೇ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದರು. ದಪ್ಪ ಕನ್ನಡಕದ ದೆಸೆಯಿಂದ ಸೈನ್ಯ ಅವರನ್ನು ಬೇಡವೆಂದಿತ್ತು.

ಪ್ರತಿ ಮಧ್ಯಾಹ್ನ ತಾತ ಪ್ರೂಫ್ ಹಿಡಿದು ಸೆನ್ಸಾರ್ ಆಫೀಸಿಗೆ ಓಡಬೇಕು. ಅಲ್ಲಿದ್ದ ಅಧಿಕಾರಿಗೆ ಪ್ರೆಸ್ಸಿನವರಿಟ್ಟ ಹೆಸರು ಕತ್ತರಿ ಸಾಹೇಬ. ಯಾವ ಸುದ್ದಿ ಹೊಡೆದುಹಾಕುತ್ತಾನೋ ಆ ಜಾಗ ಪುಟದಲ್ಲಿ ಖಾಲಿ. ಆದರೆ ಖಾಲಿ ಬಿಡುವಂತಿಲ್ಲ! ಬಿಟ್ಟರೆ ಏನೋ ಮುಚ್ಚಿಟ್ಟಿದ್ದಾರೆಂದು ಜನಕ್ಕೆ ಗೊತ್ತಾಗುತ್ತದಲ್ಲ. ಒಂದು ದಿನ ಹಾಗೆಯೇ ದೊಡ್ಡ ತೂತು ಬಿತ್ತು, ಮೆಷಿನ್ ಕಾಯುತ್ತಿದೆ, ಪ್ರೆಸ್ಸಿನ ಯಜಮಾನರು ಕೂಗಾಡುತ್ತಿದ್ದಾರೆ.

"ಏನಾದ್ರೂ ತುಂಬ್ರಯ್ಯಾ! ದೇವರ ವಿಷ್ಯನೋ ದೆವ್ವದ ವಿಷ್ಯನೋ!"

ಮೊಳೆಯಕ್ಕ ದೆವ್ವವನ್ನು ಆರಿಸಿಕೊಂಡರು. ಕಾಗದದ ಮೇಲೆ ಒಂದಕ್ಷರ ಬರೆಯದೆ, ನಿಂತಲ್ಲೇ, ತಲೆಯಿಂದ ನೇರ ಮೊಳೆಗೆ. ಬರೆಯಲು ಕಾಗದವಾದರೂ ಎಲ್ಲಿತ್ತು, ಪತ್ರಿಕೆಗೇ ಸಾಲುತ್ತಿರಲಿಲ್ಲ. ಕಥೆ ತೂತಿಗೆ ಸರಿಯಾಗಿ ಕೂತಿತು. ದಾಳಿಯ ಭಯಕ್ಕೆ ಊರಿನ ದೀಪಗಳನ್ನೆಲ್ಲ ಆರಿಸಿದಾಗ ಒಂದು ಮನೆಯಲ್ಲಿ ಕತ್ತಲಲ್ಲೇ ತಲೆ ಎಣಿಸುತ್ತಾರೆ, ಒಂದು ತಲೆ ಹೆಚ್ಚು. ಯಾರದೆಂದು ಯಾರೂ ಕೇಳುವುದಿಲ್ಲ, ಯಾಕೆಂದರೆ ಅಮ್ಮ ಆಗಲೇ ಅವನಿಗೂ ತಟ್ಟೆ ಇಟ್ಟಿದ್ದಾಳೆ. ಅಷ್ಟೇ ಕಥೆ. ಕೇಳಿ ನನ್ನ ಕೈಮೇಲಿನ ಕೂದಲೆಲ್ಲ ನೆಟ್ಟಗಾಯಿತು!

ಮರುದಿನ ಜನ ಮೊದಲು ಮೂರನೇ ಪುಟ ತೆರೆದರು. ಯುದ್ಧಕ್ಕೆ ಹೋದ ಮಗ ಕಾಣೆಯಾಗಿದ್ದ ಮನೆಗಳಲ್ಲಿ ಆ ಪುಟವನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡರಂತೆ. ಆಮೇಲೆ ತೂತು ಬಿದ್ದಾಗಲೆಲ್ಲ ದೆವ್ವ.

ಹೊಡೆದುಹಾಕಿದ ಸುದ್ದಿಯೇ ದೆವ್ವದ ವೇಷ ಹಾಕಿ ಬರುತ್ತಿದೆಯೇನೋ ಎಂದು ಕತ್ತರಿ ಸಾಹೇಬನಿಗೆ ಅನುಮಾನ ಬಂತು: "ಇದನ್ನ ಬರೀತಿರೋದು ಯಾರು? ಹೆಸರು ಹಾಕಿ."

ತಾತ ತಮ್ಮ ಹೆಸರು ಹೇಳಿ ಬಂದರು. ತಂಗಿಯ ಹತ್ತಿರ ಪಿಸುಗುಟ್ಟಿದರು: "ನಿನ್ನ ಹೆಸರು ಹೇಳಿದ್ರೆ ನಾಳೆ ಪೊಲೀಸ್ನೋರು ನಿನ್ನ ಎಳ್ಕೊಂಡು ಹೋಗ್ತಾರೆ. ಯುದ್ಧ ಮುಗೀಲಿ ಪುಟ್ಟಿ, ನಿಂದು ನಿಂಗೆ ಕೊಡ್ತೀನಿ."

"ನಾನು ಅತ್ತೇಬಿಟ್ಟೆ ಕಣೆ," ಅಂದರು ಚಿಕ್ಕಜ್ಜಿ. "ನನಗೋಸ್ಕರ ಜೀವಾನೇ ಒತ್ತೆ ಇಟ್ಟಿದಾನೆ ಅಂತ."

ಯುದ್ಧ ಮುಗಿಯಿತು. ಯಜಮಾನರು ಕಥೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಲು ಹೊರಟರು. ಈಗ ಹೆಸರು ವಾಪಸು ಬರುತ್ತದೆಂದು ಮೊಳೆಯಕ್ಕನಿಗೆ ಒಳಗೊಳಗೇ ಖುಷಿ. ಮೊದಲ ಪುಟ ಜೋಡಿಸಲು ಅವರ ಕೈಗೇ ಬಂತು. ನೋಡಿದರೆ ಅಣ್ಣನ ಹೆಸರು.

"ಅಣ್ಣಾ, ಇದೇನು?"

"ಜನಕ್ಕೆ ಈ ಹೆಸರೇ ಗೊತ್ತಾಗಿಹೋಗಿದೆಯಲ್ಲೇ. ಈಗ ಬದಲಾಯಿಸಿದ್ರೆ ನಗ್ತಾರೆ. ನಾನು ಬೇರೆ, ನೀನು ಬೇರೆನಾ?"

ಮೊಳೆಯಕ್ಕ ಯಜಮಾನರ ಬಳಿ ಹೋದರು. ಯಜಮಾನರು ಕೆಟ್ಟವರೇನಲ್ಲ, ನಕ್ಕರು ಅಷ್ಟೇ. "ಅಣ್ಣ ಹೇಳಿದ್ದನ್ನ ನೀನು ಜೋಡಿಸ್ತಿದ್ದೆ ಅಷ್ಟೇ ಅಲ್ವಾ? ನಿನ್ನ ಕೈಬರಹದಲ್ಲಿ ಒಂದು ಪುಟ ತೋರಿಸಮ್ಮ, ನಾಳೇನೇ ಹೆಸರು ಬದಲಾಯಿಸ್ತೀನಿ." ಎಲ್ಲಿಂದ ತೋರಿಸುವುದು? ಅಚ್ಚಾದ ಮೇಲೆ ಮೊಳೆಗಳನ್ನೆಲ್ಲ ಬಿಡಿಸಿ ಮತ್ತೆ ಗೂಡಿಗೆ ಹಾಕುತ್ತಿದ್ದುದು ಅವರೇ! ಉಳಿದದ್ದು ಪ್ರೂಫುಗಳು ಮಾತ್ರ. ಅವುಗಳ ಅಂಚಿನ ತುಂಬ ಇದ್ದದ್ದು ಅಣ್ಣನ ಅಕ್ಷರ.

ಇಲ್ಲಿಗೇ ಮುಗಿದಿದ್ದರೆ ನಾನು ತಾತನನ್ನು ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟ ಖಾಲಿ ಉಳಿದವು. ತಾತ ಮತ್ತೆ ತಂಗಿಯ ಪಕ್ಕ ಬಂದು ನಿಂತರು.

"ಪುಟ್ಟಿ, ಇನ್ನೊಂದೇ ಒಂದು. ಪುಸ್ತಕ ಬೋಳುಬೋಳಾಗಿ ಕಾಣತ್ತೆ."

ಮೊಳೆಯಕ್ಕ ಹೂಂ ಅಂದರು. ಬೈಯಲಿಲ್ಲ, ಜೋಡಿಸಿದರು. ಆ ಕಥೆಯಲ್ಲಿ ಒಬ್ಬ ಅಣ್ಣ ದಿನಾ ಬೆಳಿಗ್ಗೆ ಏಳುವಾಗ ತಂಗಿಯದು ಏನಾದರೊಂದು ಅವನದಾಗಿರುತ್ತದೆ. ಒಂದು ದಿನ ಅವಳ ದನಿ, ಒಂದು ದಿನ ಅವಳ ನಗು, ಒಂದು ದಿನ ನೆರಳು. ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಡೆಗೆ ಅಮ್ಮ ಅಡುಗೆಮನೆಯಿಂದ ತಂಗಿಯ ಹೆಸರು ಹಿಡಿದು ಕೂಗುತ್ತಾಳೆ. ಅಣ್ಣ "ಬಂದೆ" ಎಂದು ಎದ್ದು ಹೋಗುತ್ತಾನೆ.

"ಓದಿದ ಮೇಲಾದ್ರೂ ಎದ್ದು ಬರ್ತಾನೆ ಅಂತಿದ್ದೆ," ಅಂದರು ಚಿಕ್ಕಜ್ಜಿ. "ನಾಚ್ಕೊಂಡಾದ್ರೂ, ಸಿಟ್ಟು ಮಾಡ್ಕೊಂಡಾದ್ರೂ."

ಪ್ರೂಫ್ ತೆಗೆದು ಅಣ್ಣನ ಮೇಜಿನ ಮೇಲಿಟ್ಟು ಅಲ್ಲೇ ನಿಂತರು. ಅಣ್ಣ ಓದಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಕಡೆಯ ಪುಟವನ್ನು ಇನ್ನೊಮ್ಮೆ ಓದಿದರು. ಒಂದು ಅಲ್ಪವಿರಾಮ ಸರಿಮಾಡಿದರು. ಕೆಳಗೆ "ಅಚ್ಚಾಗಲಿ" ಎಂದು ಬರೆದು ಸಹಿ ಹಾಕಿದರು.

"ಎಲ್ಲಕ್ಕಿಂತ ಇದು ಚೆನ್ನಾಗಿದೆ ಕಣೆ," ಅಂದರಂತೆ, ತಂಗಿಯ ಮುಖ ನೋಡದೆ.

ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲೆ ದೊಡ್ಡವರೊಬ್ಬರು ಆ ಕಥೆಯನ್ನೇ ಎತ್ತಿ ಹೊಗಳಿದರು. ತನ್ನನ್ನೇ ದೆವ್ವ ಮಾಡಿಕೊಂಡು ಬರೆಯಲು ಎಂಥ ಎದೆಗಾರಿಕೆ ಬೇಕು, ಎಂಥ ಪ್ರಾಮಾಣಿಕತೆ ಬೇಕು! ತಾತ ತಲೆಬಾಗಿ ಕೈಮುಗಿದರು. ಸಭೆಯೆಲ್ಲ ಚಪ್ಪಾಳೆ.

"ನೀವೇನು ಮಾಡಿದ್ರಿ ಅಜ್ಜಿ?"

"ನಾನೂ ತಟ್ಟಿದೆ. ಕಥೆ ಚೆನ್ನಾಗಿತ್ತಲ್ಲ."

ಆಮೇಲೆ ಅವರು ಇಪ್ಪತ್ತು ವರ್ಷ ಅದೇ ಪ್ರೆಸ್ಸಿನಲ್ಲಿ ಔಷಧಿ ಸೀಸೆಯ ಲೇಬಲ್ಲು, ಶಾಲೆಯ ಪ್ರಶ್ನೆಪತ್ರಿಕೆ, ರೈಲಿನ ವೇಳಾಪಟ್ಟಿ ಜೋಡಿಸಿದರು. ತಲೆಯಿಂದ ಒಂದು ಸಾಲನ್ನೂ ಜೋಡಿಸಲಿಲ್ಲ. ಅಣ್ಣನ ಮನೆಯ ಹೊಸಿಲು ತುಳಿಯಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ "ಅವಳಿಗೆ ಮೊದಲಿಂದಲೂ ಹೊಟ್ಟೆಕಿಚ್ಚು" ಎಂಬ ಕಾರಣ ಚಾಲ್ತಿಯಲ್ಲಿತ್ತು.

ನನಗೆ ಕುಣಿಯುವಷ್ಟು ಸಂತೋಷ, ಅಳುವಷ್ಟು ಸಿಟ್ಟು, ಎರಡೂ ಒಟ್ಟಿಗೆ. ಅವರ ಮಂಡಿಯ ಹತ್ತಿರ ಕೂತು, ಕೈ ಹಿಡಿದು, ಎಷ್ಟು ಮುದ್ದಾಗಿ ಕೇಳಲು ಸಾಧ್ಯವೋ ಅಷ್ಟು ಮುದ್ದಾಗಿ ಕೇಳಿದೆ: "ಅಜ್ಜೀ, ತಲೆಯಲ್ಲಿ ಇನ್ನೂ ಇದಾವಲ್ವಾ? ಒಂದೇ ಒಂದು ಹೇಳಿ, ನಾನು ಬರ್ಕೋತೀನಿ."

ಚಿಕ್ಕಜ್ಜಿ ಮೆಲ್ಲಗೆ ಕೈ ಬಿಡಿಸಿಕೊಂಡರು.

"ಅವನೂ ಹಿಂಗೇ ಕೇಳ್ತಿದ್ದ," ಅಂದರು, "ಇಷ್ಟೇ ಪ್ರೀತಿಯಿಂದ."

ಬಟಾಣಿ ಸಿಪ್ಪೆಯನ್ನೆಲ್ಲ ಮಡಿಲಿನಿಂದ ಬಾಚಿ ನನ್ನ ಕೈಗೆ ಕೊಟ್ಟು, ಹೊರಗೆ ಹಾಕಿ ಬಾ ಅಂದರು.