ಮೂರನೇ ಮನೆಗೆ ಹೋಗದ ಸಂಜೆ

ಮೊನ್ನೆ ಸಂಜೆ ಕುಮಟೆಯಿಂದ ಬಂದು ಕಾಗಾಲದಲ್ಲಿ ಬಸ್ಸಿಳಿದು ಮನೆ ಕಡೆ ನಡೆಯುತ್ತಿದ್ದೆ. ಯಾರದೋ ಅಡುಗೆಮನೆಯಲ್ಲಿ ಬಳಚು ಬೇಯುತ್ತಿತ್ತು. ನೀವು ನಮ್ಮ ಕಡೆಯವರಲ್ಲದಿದ್ದರೆ ಈ ವಾಸನೆಯನ್ನು ವಿವರಿಸುವುದು ಕಷ್ಟ. ಬಳಚು ಅಂದರೆ ಹೊಳೆಯ ಕೆಸರುಮರಳಿನಲ್ಲಿ ಹುದುಗಿಕೊಂಡಿರುವ ಚಿಪ್ಪು. ತೊಳೆದು ಪಾತ್ರೆಗೆ ಹಾಕಿ ಮುಚ್ಚಿ ಒಲೆಯ ಮೇಲಿಟ್ಟರೆ ತನ್ನ ನೀರನ್ನು ತಾನೇ ಬಿಟ್ಟುಕೊಂಡು ಒಂದೊಂದಾಗಿ ಬಾಯಿ ತೆರೆಯುತ್ತದೆ. ಆಗ ಏಳುವ ಹಬೆಯಲ್ಲಿ ಇಡೀ ಹೊಳೆಯೇ ಇರುತ್ತದೆ. ಚಿಕ್ಕಂದಿನಿಂದ ನನಗೆ ಅದು ಹಸಿವಾಗಿಸುವ ವಾಸನೆ. ಮೊನ್ನೆ ಮಾತ್ರ ಪಕ್ಕದ ಬೇಲಿಯ ಗೂಟ ಹಿಡಿದು ನಿಂತೆ. ಆ ಭಾನುವಾರ ಕಳೆದು ಎರಡು ತಿಂಗಳಾಗಿದೆ. ದೇಹ ಮಾತ್ರ ಇನ್ನೂ ದಡ ಮುಟ್ಟಿಲ್ಲ.

ನನ್ನ ಕೆಲಸದ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪಿನ ಬೇರು ಅಲ್ಲಿದೆ. ಬಿ.ಕಾಂ. ಮುಗಿಸಿ ಕುಮಟೆಯ ಒಂದು ಆನ್‌ಲೈನ್ ಅಂಗಡಿಯಲ್ಲಿ ಕೂತಿದ್ದೇನೆ. ಜೆರಾಕ್ಸ್, ಆಧಾರ್ ತಿದ್ದುಪಡಿ, ಪಹಣಿ, ವಿದ್ಯಾರ್ಥಿವೇತನದ ಅರ್ಜಿ. ಬಂದವರು ಅರ್ಜಿ ತುಂಬಿಸಿಕೊಂಡು ಸುಮ್ಮನೆ ಹೋಗುವುದಿಲ್ಲ. ಮಗಳನ್ನು ಯಾವ ಕೋರ್ಸಿಗೆ ಸೇರಿಸಲಿ, ಶುಗರ್ ಇದ್ದವರು ಹಲಸಿನಹಣ್ಣು ತಿನ್ನಬಹುದೇ, ಫ್ರಿಜ್ ಇಡೀ ದಿನ ಗೊರಗೊರ ಅನ್ನುತ್ತದೆ, ಏನು ಮಾಡಲಿ. ಕಂಪ್ಯೂಟರಿನ ಮುಂದೆ ಕೂತವಳಿಗೆ ಎಲ್ಲ ಗೊತ್ತಿರಬೇಕು ಅನ್ನುವುದು ಅವರ ನಂಬಿಕೆ. ನಾನೂ ಆ ನಂಬಿಕೆಗೆ ಧಕ್ಕೆ ತರುವವಳಲ್ಲ. ಮೇಜಿನ ಕೆಳಗೆ ಮೊಬೈಲು ಹಿಡಿದು ಚಾಟ್‌ಬಾಟಿಗೆ ಕೇಳುತ್ತೇನೆ, ಅದು ಹೇಳಿದ್ದನ್ನು ನಮ್ಮ ಕಡೆಯ ಮಾತಿಗೆ ತಿರುಗಿಸಿ, ಸ್ವಲ್ಪ ಗಂಭೀರವಾಗಿ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಇರುತ್ತದೆ. ಫ್ರಿಜ್ಜಿನ ಗೊರಗೊರ ನಿಂತಿತು ಎಂದು ಒಬ್ಬರು ಬಾಳೆಕಾಯಿ ಚಿಪ್ಸ್ ತಂದುಕೊಟ್ಟಿದ್ದರು. ಅದನ್ನು ತಿಂದವಳು ನಾನು.

ಹೀಗೆ ಬೇರೆಯವರಿಗಾಗಿ ಕೇಳುತ್ತ ಕೇಳುತ್ತ ನನಗಾಗಿಯೂ ಕೇಳುವ ಚಟ ಹತ್ತಿತು. ದೋಸೆ ಹಿಟ್ಟು ಹುಳಿ ಬರದಿದ್ದರೆ, ಅಮ್ಮನ ಮಂಡಿ ನೋವಿಗೆ, ಗೆಳತಿಯ ಮದುವೆಗೆ ಹೋಗಲಾಗದ್ದಕ್ಕೆ ಯಾವ ನೆಪ ಹೇಳಲಿ ಎಂದು ಕೂಡ.

ಆ ಭಾನುವಾರಕ್ಕೆ ಅತ್ತಿಗೆ ಬರುವವಳಿದ್ದಳು. ಅಣ್ಣ ಹೊನ್ನಾವರದಿಂದ ಬೋಟಿಗೆ ಹೋಗುತ್ತಾನೆ. ಅತ್ತಿಗೆ ಅಲ್ಲಿಯ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳ ತವರು ಭಟ್ಕಳ. ಸಮುದ್ರದ ಮೀನುಗಾರರ ಮನೆಯವಳು; ಗಾಳಿ ನೋಡಿ ನಾಳೆ ಬಂಗಡೆ ಸಿಗುತ್ತದೋ ಇಲ್ಲವೋ ಹೇಳಬಲ್ಲಳು. ಹೊಳೆ ಮಾತ್ರ ಅವಳಿಗೆ ಹೊಸದು. ಮದುವೆಯಾಗಿ ನಾಲ್ಕು ವರ್ಷದಿಂದ ಒಂದೇ ಆಸೆ: ಪೇಟೆಯಲ್ಲಿ ಕೊಂಡ ಬಳಚು ಸಾಕು, ಒಮ್ಮೆ ಅಘನಾಶಿನಿಯ ಹೊಳೆಗಿಳಿದು ತಾನೇ ಹೆಕ್ಕಬೇಕು. ಕರೆದುಕೊಂಡು ಹೋಗುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ.

ಹೊಳೆಗಿಳಿಯುವವರು ಮೊದಲು ತಿಳಿಯಬೇಕಾದದ್ದು ಒಂದೇ, ನೀರು ಎಷ್ಟು ಹೊತ್ತಿಗೆ ಪೂರ್ತಿ ಇಳಿಯುತ್ತದೆ ಎಂಬುದು. ಇಳಿಯುತ್ತಿರುವಾಗ ಹೋಗಬೇಕು, ತಿರುಗುವ ಮೊದಲು ಬರಬೇಕು. ನಮ್ಮಲ್ಲಿ ಇದನ್ನು ತಿಥಿ ಎಣಿಸಿ ಹೇಳುತ್ತಾರೆ. ನಮ್ಮ ಮನೆಯಿಂದ ಮೂರನೇ ಮನೆ ಗಿರಿಜಕ್ಕನದು; ಮೂವತ್ತು ವರ್ಷದಿಂದ ಬಳಚು ಹೆಕ್ಕುವವಳು, ಬೆರಳಿನ ಗೆಣ್ಣು ಎಣಿಸಿ ಎರಡು ಉಸಿರಿನೊಳಗೆ ಹೇಳುತ್ತಾಳೆ. ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೆ ಆ ಲೆಕ್ಕ ಬರುವುದಿಲ್ಲ. ಕಲಿಯುವ ವಯಸ್ಸಿನಲ್ಲಿ ಡೆಬಿಟ್ ಕ್ರೆಡಿಟ್ ಕಲಿಯುತ್ತಿದ್ದೆ.

ಶನಿವಾರ ಸಂಜೆ ಗಿರಿಜಕ್ಕನ ಮನೆಗೆ ಹೋಗಿ ಕೇಳಲು ಹತ್ತು ನಿಮಿಷ ಸಾಕಿತ್ತು. ಹೋಗಲಿಲ್ಲ. ಯಾಕೆ ಎಂದು ಈ ಎರಡು ತಿಂಗಳಲ್ಲಿ ನೂರು ಸಲ ಯೋಚಿಸಿದ್ದೇನೆ. ಮನುಷ್ಯರನ್ನು ಕೇಳಿದರೆ ಬರಿಯ ಉತ್ತರ ಸಿಗುವುದಿಲ್ಲ. ಅವರ ಜಗಲಿಯಲ್ಲಿ ಕೂರಬೇಕು, ಚಾ ಬೇಡವೆಂದರೂ ಕುಡಿಯಬೇಕು, ಅತ್ತಿಗೆಗೆ ವಿಶೇಷವೇನಾದರೂ ಉಂಟೋ, ನಿನ್ನ ಮದುವೆ ಎಲ್ಲಿಗೆ ಬಂತು ಎಂಬುದಕ್ಕೆಲ್ಲ ಉತ್ತರಿಸಬೇಕು. ಕೊನೆಗೆ ಅವಳು ನಗುತ್ತಾಳೆ, ಇಷ್ಟು ಓದಿ ನಿನಗೆ ಇದೂ ಗೊತ್ತಿಲ್ಲವಾ ಎಂದು. ಮೊಬೈಲು ನಗುವುದಿಲ್ಲ. ಆ ಒಂದು ಗುಣಕ್ಕೆ ನಾನು ಸೋತಿದ್ದೆ.

ಚಾಟ್‌ಬಾಟಿಗೆ ಕೇಳಿದೆ. ವಾರ್ತೆ ಓದುವವರ ಕನ್ನಡದಲ್ಲಿ ಉತ್ತರ ಬಂತು: ಮಧ್ಯಾಹ್ನ ಎರಡೂಕಾಲಿಗೆ ಪೂರ್ಣ ಇಳಿತ, ಅದರ ಆಚೀಚೆ ಒಂದೊಂದು ತಾಸು ಸುರಕ್ಷಿತ. ಕೊನೆಯಲ್ಲಿ ಒಂದು ಸಾಲು, ದಯವಿಟ್ಟು ಸ್ಥಳೀಯರಲ್ಲಿ ಖಚಿತಪಡಿಸಿಕೊಳ್ಳಿ. ನಾನು ಆ ಸಾಲನ್ನು ಓದಿದ್ದೆ. ಓದಿಲ್ಲ ಅಂತ ಹೇಳಲಾರೆ. ಬಸ್ಸಿನಲ್ಲಿ ಕೈ ಹೊರಗೆ ಹಾಕಬೇಡಿ ಎಂಬ ಬರಹವನ್ನು ಹೇಗೆ ಓದುತ್ತೇವೋ ಹಾಗೆ ಓದಿದ್ದೆ.

ಪೂರ್ತಿ ನೆಮ್ಮದಿಯಾಗದೆ ನಮ್ಮ ಊರುಗಳ ಒಂದು ದೊಡ್ಡ ವಾಟ್ಸಾಪ್ ಗುಂಪಿನಲ್ಲೂ ಕೇಳಿದೆ. ಖಚಿತಪಡಿಸಿಕೊಳ್ಳುವ ಶಾಸ್ತ್ರ ಮುಗಿಸಿದಂತೆ. ಅಲ್ಲಿ ಒಬ್ಬರು ಯಾವ ವರ್ಷದ್ದೋ ಗೊತ್ತಿಲ್ಲದ ಪಟ್ಟಿಯ ಫೋಟೋ ಹಾಕಿದರು. ಒಬ್ಬರು ನಮಗೂ ಒಂದು ಪಾರ್ಸೆಲ್ ಅಂದರು. ಇಬ್ಬರು ಮರಳು ತೆಗೆಯುವವರ ಬಗ್ಗೆ ಜಗಳ ಶುರುಮಾಡಿ ಮಲಗುವ ಹೊತ್ತಿನವರೆಗೂ ಮಾಡಿದರು. ಪರಿಚಯವಿಲ್ಲದ ಒಬ್ಬ ಹೆಂಗಸು ಮಾತ್ರ ತಿರುಗಿ ಕೇಳಿದ್ದರು: ಎಲ್ಲಿ ಇಳಿಯುತ್ತೀರಿ, ಜೊತೆಗೆ ಯಾರು, ಈಜು ಬರುತ್ತದೆಯೇ. ಇವರಿಗೇಕೆ ಇಷ್ಟು ವಿಚಾರಣೆ ಎಂದುಕೊಂಡು ಉತ್ತರಿಸದೆ ಬಿಟ್ಟೆ. ನಾನು ಕೇಳಿದ್ದು ಬರೀ ಸಮಯ ತಾನೇ?

ಮರುದಿನ ಒಂದು ಗಂಟೆಗೆ ದಡದಲ್ಲಿ ಲಂಗ ಎತ್ತಿ ಕಟ್ಟಿಕೊಳ್ಳುತ್ತ ಅತ್ತಿಗೆ ಕೇಳಿದಳು, ನೀರಿನ ಹೊತ್ತು ಸರಿಯಾಗಿ ವಿಚಾರಿಸಿದ್ದೀಯಾ ಎಂದು. ವಿಚಾರಿಸಿದ್ದೇನೆ ಅಂದೆ. ಯಾರಲ್ಲಿ ಎಂದು ಅವಳು ಕೇಳಲಿಲ್ಲ. ಊರಿನವಳು ವಿಚಾರಿಸಿದ್ದೇನೆ ಅಂದರೆ ಊರಿನಲ್ಲೇ ವಿಚಾರಿಸಿರುತ್ತಾಳೆ ಎಂದುಕೊಂಡಳು.

ದಡದ ಪಕ್ಕದಲ್ಲಿ ಒಂದು ಕಾಲುವೆಯಂಥ ತಗ್ಗು, ಅದನ್ನು ದಾಟಿದರೆ ಹೊಳೆಯ ನಡುವೆ ಮರಳಿನ ದಿಬ್ಬ. ತಗ್ಗಿನಲ್ಲಿ ಮೊಣಕಾಲಿನಷ್ಟು ನೀರು. ದಿಬ್ಬದಲ್ಲಿ ಹತ್ತಾರು ಹೆಂಗಸರು ಆಗಲೇ ಹೆಕ್ಕುತ್ತಿದ್ದರು. ನಾವು ಹೋದಂತೆ ಅವರು ಒಬ್ಬೊಬ್ಬರಾಗಿ ಏಳತೊಡಗಿದರು. ಅವರು ಬೆಳಿಗ್ಗೆಯಿಂದ ಇದ್ದವರು, ದಣಿದಿರಬೇಕು ಎಂದುಕೊಂಡೆ. ನೋಡಿ, ಮನುಷ್ಯರು ಎದುರಿಗೇ ಎದ್ದು ಹೋಗುತ್ತಿದ್ದರು, ನಾನು ಅದಕ್ಕೂ ಒಂದು ಕಾರಣ ಕೊಟ್ಟುಕೊಂಡೆ. ಅತ್ತಿಗೆ ಖುಷಿಯಲ್ಲಿ ದಿಬ್ಬದ ದೂರದ ತುದಿ ಸೇರಿದ್ದಳು. ಸೊಂಟಕ್ಕೆ ಕಟ್ಟಿದ ಬಲೆಚೀಲ ಭಾರವಾಗುತ್ತಿತ್ತು. ನನ್ನದು ತುಂಬಿತೆಂದು ದಡದಲ್ಲಿಟ್ಟು ಬರಲು ಹೊರಟೆ. ಆಗ ಗಿರಿಜಕ್ಕ ನನ್ನ ಮುಂದೆಯೇ ತಗ್ಗು ದಾಟಿ, ಆಚೆ ದಡದಿಂದ ತಿರುಗಿ ಕೂಗಿದಳು.

“ನೀರು ತಿರಗ್ತು. ನಿಮ್ಮತ್ತಿಗೆನೂ ಕರಿಯೇ.”

“ಇನ್ನೂ ಒಂದೂವರೆ ತಾಸದೆ ಗಿರಿಜಕ್ಕ. ನೋಡ್ಕಂಡೇ ಬಂದದ್ದು.”

“ಎಂತದ್ರಲ್ಲಿ ನೋಡ್ದೆ?”

“ಫೋನಲ್ಲಿ.”

“ಹಂಗಾರೆ ಈಜೂಕೂ ಅದ್ಕೇ ಹೇಳು,” ಅಂದು ಅವಳು ಬುಟ್ಟಿ ತಲೆಗೇರಿಸಿ ನಡೆದಳು.

ನಾನು ನಕ್ಕೆ. ನಗುತ್ತಲೇ ತಗ್ಗಿಗಿಳಿದೆ. ನೀರು ತೊಡೆಯವರೆಗೆ ಬಂತು. ಬರುವಾಗ ಬೇರೆ ಕಡೆ ದಾಟಿರಬೇಕು ಎಂದುಕೊಂಡೆ. ಚೀಲ ಇಟ್ಟೆ, ಬಾಟಲಿಯ ನೀರು ಕುಡಿದೆ, ಹಣೆಯ ಬೆವರು ಒರೆಸಿದೆ, ಅತ್ತಿಗೆಯ ಒಂದು ಫೋಟೋ ತೆಗೆದೆ. ಆ ಫೋಟೋ ಇನ್ನೂ ಇದೆ. ಅದರಲ್ಲಿ ಅವಳ ಸುತ್ತ ಮರಳು ಎಷ್ಟು ಕಡಿಮೆಯಿದೆ ಎಂಬುದು ಈಗ ನೋಡಿದರೆ ಕಾಣುತ್ತದೆ.

ಏರುವ ಭರತದ ನೀರು ಎದುರಿನಿಂದ ಬರುವುದಿಲ್ಲ. ಮೊದಲು ಹಿಂದಿನ ತಗ್ಗು ತುಂಬುತ್ತದೆ. ದಿಬ್ಬದ ಮೇಲಿದ್ದವರಿಗೆ ಕಾಲಡಿಯಲ್ಲಿ ಮರಳು ಕಾಣುತ್ತಿರುವಾಗಲೇ ಹಿಂದೆ ದಾರಿ ಮುಚ್ಚಿರುತ್ತದೆ. ತಗ್ಗು ತುಂಬಿದ್ದು ಕಂಡು ನಾನು ದಡದಿಂದ ಕೂಗಿದೆ. ಅತ್ತಿಗೆ ನಗುತ್ತ ಕೈ ಬೀಸಿದಳು. ಎರಡನೇ ಸಲ ಕೂಗಿದಾಗ ನನ್ನ ಸ್ವರ ಬದಲಾಗಿದ್ದಿರಬೇಕು. ಅವಳು ತಿರುಗಿ ತಗ್ಗಿನ ಕಡೆ ಬಂದಳು, ಇಳಿದಳು, ಎರಡು ಹೆಜ್ಜೆಗೆ ಎದೆಮಟ್ಟ ಮುಳುಗಿದಳು, ಮತ್ತೆ ಹಿಂದಕ್ಕೆ ದಿಬ್ಬ ಹತ್ತಿದಳು. ಅಲ್ಲಿ ನಿಂತು ನನ್ನನ್ನು ನೋಡಿದಳು. ಸಮುದ್ರದವರ ಮನೆಯ ಹೆಂಗಸರಿಗೆ ಈಜು ಬರುತ್ತದೆ ಎಂದು ನೀವು ಅಂದುಕೊಂಡಿದ್ದರೆ, ಬರುವುದಿಲ್ಲ. ನನಗೂ ಬರುವುದಿಲ್ಲ.

ಮುಂದಿನದನ್ನು ಬರೆಯಲು ನಾಚಿಕೆ. ನನ್ನ ಹೆಬ್ಬೆರಳು ಮೊಬೈಲು ತೆರೆಯಿತು. ನೀರು ಏರುವಾಗ ಒಬ್ಬರು ಸಿಕ್ಕಿಬಿದ್ದಿದ್ದಾರೆ, ಏನು ಮಾಡಲಿ ಎಂದು ಕೇಳಿದೆ. ಉತ್ತರ ಕೂಡಲೇ ಬಂತು, ಸರಿಯಾಗಿಯೂ ಇತ್ತು. ನೀವು ನೀರಿಗೆ ಇಳಿಯಬೇಡಿ. ಹತ್ತಿರವಿರುವ ಜನರನ್ನು ಗಟ್ಟಿಯಾಗಿ ಕೂಗಿ ಕರೆಯಿರಿ. ಅದನ್ನು ಓದಿದ ಮೇಲೆಯೇ ನಾನು ಗಿರಿಜಕ್ಕ ಎಂದು ಕೂಗಿದ್ದು. ಆ ಹೆಸರು ಕೂಗಲು ನನಗೆ ಯಂತ್ರದ ಅಪ್ಪಣೆ ಬೇಕಾಯಿತು.

ಗಿರಿಜಕ್ಕ ಮನೆಗೆ ಹೋಗಿರಲಿಲ್ಲ. ಸ್ವಲ್ಪ ಮೇಲೆ ಕಲ್ಲಿನ ಮೆಟ್ಟಿಲ ಬಳಿ ಬಳಚು ತೊಳೆಯುತ್ತ, ಒಂದು ಕಣ್ಣು ನಮ್ಮ ಮೇಲಿಟ್ಟೇ ಕೂತಿದ್ದಳು. ಯಾರದೋ ಸಣ್ಣ ದೋಣಿಯ ಹಗ್ಗ ಬಿಚ್ಚಿ, ಬಿದಿರಿನ ಗಳ ಊರುತ್ತ ಹೊರಟಳು. ದೋಣಿ ಮುಟ್ಟುವಾಗ ಅತ್ತಿಗೆಗೆ ಎದೆಯವರೆಗೆ ನೀರು. ಸೊಂಟದ ಚೀಲ ಅವಳನ್ನು ಒಂದು ಕಡೆಗೆ ಎಳೆಯುತ್ತಿತ್ತು. ಚೀಲ ಬಿಡು ಎಂದು ಗಿರಿಜಕ್ಕ ಮೂರು ಸಲ ಹೇಳಿದ ಮೇಲೆ ಬಿಚ್ಚಿದಳು.

“ಹತ್ಬೇಡ. ಅಂಚು ಹಿಡ್ಕಂಡು ತೇಲು, ಆತಾ?”

ಹಾಗೆಯೇ ದೋಣಿಗೆ ಜೋತುಬಿದ್ದು ಅತ್ತಿಗೆ ದಡಕ್ಕೆ ಬಂದಳು. ಕೈಬೆರಳುಗಳನ್ನು ಅಂಚಿನಿಂದ ಒಂದೊಂದಾಗಿ ಬಿಡಿಸಬೇಕಾಯಿತು. ಗಿರಿಜಕ್ಕ ನನ್ನ ಮುಖ ನೋಡಿದಳು, ದೋಣಿಯ ಹಗ್ಗ ಕಟ್ಟಲು ಹೋದಳು. ನಕ್ಕಿದ್ದರೆ ಬದುಕುತ್ತಿದ್ದೆ.

ಆ ಸಂಜೆ ಅಣ್ಣನ ಫೋನು ಬಂತು. ನನ್ನದೇ ತಪ್ಪು, ಆಸೆ ಹೆಚ್ಚಾಯಿತು, ದೂರ ಹೋದೆ ಎಂದು ಅತ್ತಿಗೆ ತಾನೇ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ. ಅಣ್ಣ ಅವಳಿಗೆ ಬೈದ. ಅಂದಿನಿಂದ ಅವಳು ಕಾಗಾಲಕ್ಕೆ ಬಂದಿಲ್ಲ, ಅಣ್ಣ ಕಳಿಸುವುದಿಲ್ಲ. ಪೇಟೆಯ ಹೆಂಗಸರು ಬಳಚಿನ ರಾಶಿ ತೋರಿಸಿ, ದುಡ್ಡು ಕೊಟ್ಟು ತಗೋ ಮಾರಾಯ್ತಿ, ಇದು ಮುಳುಗುವುದಿಲ್ಲ ಎಂದು ಕೆಣಕುತ್ತಾರಂತೆ.

ನಾನು ಮಾಡಿದ್ದೇನು? ಒಂದು ದಿನ ಚಾಟ್‌ಬಾಟಿಗೆ ನಡೆದದ್ದೆಲ್ಲ ಬರೆದೆ. ಅದು ಒಂದು ಗಳಿಗೆಯೂ ತಡಮಾಡದೆ ಕ್ಷಮೆ ಕೇಳಿತು. ತನ್ನ ಉತ್ತರ ತಪ್ಪಾಗಿತ್ತು, ನಿಮಗಾದ ಆಘಾತ ಅರ್ಥವಾಗುತ್ತದೆ ಅಂದಿತು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಆಮೇಲೆ ಹೆಸರು ಹೇಳದೆ ಆ ಗುಂಪಿನಲ್ಲಿ ಬರೆದೆ. ಓದಿದವರಿಗೆ ಬುದ್ಧಿಯಿಲ್ಲ ಎಂದು ಸಂಜೆವರೆಗೆ ಉಗಿದರು. ಅದೂ ಹಗುರವೇ ಅನ್ನಿಸಿತು. ಒಂದು ಕಡೆ ಬೇಗ ಕ್ಷಮೆ, ಇನ್ನೊಂದು ಕಡೆ ಬೇಗ ಬೈಗಳು. ಎರಡಕ್ಕೂ ನಾನು ಯಾರೆಂದು ತಿಳಿಯಬೇಕಿರಲಿಲ್ಲ. ತಿಳಿಯಬೇಕಾದವಳು ಹೊನ್ನಾವರದಲ್ಲಿದ್ದಳು.

ಬೇಲಿಗೂಟ ಹಿಡಿದು ನಿಂತ ಮರುದಿನ, ಅಂದರೆ ನಿನ್ನೆ, ರಜೆ ಹಾಕಿ ಹೊನ್ನಾವರಕ್ಕೆ ಹೋದೆ. ಅತ್ತಿಗೆ ಪೇಟೆಯಿಂದ ಬಂದು ಹಿತ್ತಿಲಲ್ಲಿ ಉಳಿದ ಮೀನು ಹೆಚ್ಚುತ್ತಿದ್ದಳು. ಮೆಟ್ಟುಗತ್ತಿಯ ಎದುರು ಕೂತು, ಸಮಯ ಹೇಳಿದ್ದು ಫೋನು, ಊರಿನಲ್ಲಿ ಯಾರಲ್ಲೂ ವಿಚಾರಿಸಿರಲಿಲ್ಲ ಅಂದೆ. ಅವಳು ತಲೆ ಎತ್ತಲಿಲ್ಲ. ಫೋನಿಗೆ ಎಂತ ಗೊತ್ತು, ಪಾಪ, ಅಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗಿರಿಜಕ್ಕ ನೀರು ತಿರುಗಿತೆಂದು ಕೂಗಿ ಹೇಳಿದ್ದಳು, ನಿನ್ನನ್ನು ಕರೆಯಲು ಹೇಳಿದ್ದಳು, ನಾನು ಕರೆಯಲಿಲ್ಲ ಅಂದೆ.

ಕತ್ತಿಯ ಮೇಲಿದ್ದ ಮೀನು ಹಾಗೇ ನಿಂತಿತು.

“ಫೋಟೋ ತೆಗೆವಾಗ ನಿಂಗೆ ಗೊತ್ತಿತ್ತಾ?”

“ಗಿರಿಜಕ್ಕ ಹೇಳಿದ್ದು ಗೊತ್ತಿತ್ತು. ನಂಬ್ಲಿಲ್ಲ.”

ಅವಳು ಆ ಮೀನನ್ನು ಹೆಚ್ಚಿದಳು, ಮುಂದಿನದನ್ನೂ ಹೆಚ್ಚಿದಳು, ತೊಟ್ಟಿಯ ನೀರಿನಲ್ಲಿ ಬಹಳ ಹೊತ್ತು ಕೈ ತೊಳೆದಳು.

“ನಾ ಎರಡ್ ತಿಂಗ್ಳು ನಿಮ್ಮಣ್ಣನ ಹತ್ರ ಬೈಸ್ಕಂಡೆ,” ಅಂದಳು ಕೊನೆಗೆ. “ಅವ್ರಿಗೆ ನೀನೇ ಹೇಳು. ನಾ ಹೇಳೂದಿಲ್ಲ.”

ಅಣ್ಣನ ಬೋಟು ನಾಳೆ ಬೆಳಿಗ್ಗೆ ಬರುತ್ತದೆ. ಮೊದಲ ಬಸ್ಸಿಗೆ ಹೊರಟರೆ ಅವನು ಬಂದರಿನಿಂದ ಮೇಲೆ ಬರುವ ಹೊತ್ತಿಗೆ ಅಲ್ಲಿರುತ್ತೇನೆ. ಅವನ ಸಿಟ್ಟು ನನಗೆ ಗೊತ್ತು. ಮಾತು ಎಲ್ಲಿಂದ ಶುರು ಮಾಡಬೇಕು ಎಂಬುದು ಇನ್ನೂ ಗೊತ್ತಿಲ್ಲ; ಯಾರನ್ನೂ ಕೇಳಿಲ್ಲ.